ಕಾಲಿಗೆ ನೀರು

ನಮ್ಮೂರಾದ ಆಲಸನತ್ತಂನ ಟೀ ಅಂಗಡಿಯಲ್ಲಿ ಫ್ಯಾಕ್ಟರಿ ಹುಡುಗರು ಈಗಲೂ ಕೇಳುತ್ತಾರೆ, "ಅಣ್ಣಾ, ಮಿಲಿಟ್ರಿಲಿ ಎಷ್ಟು ಜನಾನ ಹೊಡೆದ್ರಿ?" ಎಷ್ಟು ನಡೆದಿರಿ ಎಂದು ಒಬ್ಬನೂ ಕೇಳಿದ್ದಿಲ್ಲ. ನಮ್ಮ ಪಡೆಯನ್ನು ಕಳಿಸಿದ್ದ ಕಡಲಾಚೆಯ ದೇಶದಲ್ಲಿ ಒಂದೇ ಮಣ್ಣಿನ ಜನ ಬಡಿದಾಡಿಕೊಳ್ಳುತ್ತಿದ್ದರು. ನಾವು ಬಿಡಿಸಲು ಹೋದವರು. ಬಿಡಿಸಲು ಹೋದವನಿಗೇ ಎರಡೇಟು ಹೆಚ್ಚು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ರಸ್ತೆಯಲ್ಲಿ ಸಿಡಿಮದ್ದು ಹೂತಿರುತ್ತಿದ್ದರು. ಅದಕ್ಕೇ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯಬೇಕು, ಮುಂದಿನವನ ಹೆಜ್ಜೆಯ ಮೇಲೇ ಹಿಂದಿನವನ ಹೆಜ್ಜೆ. ಬೆಳಿಗ್ಗೆ ಕರಿ ಟೀ, ಮಧ್ಯಾಹ್ನ ಒಣಗಿದ ಪೂರಿ, ಹೊತ್ತು ಮುಳುಗುವವರೆಗೆ ಬೆನ್ನಿನ ಭಾರ. ಬೂಟು ಬಿಚ್ಚಬಾರದೆಂದು ಕಟ್ಟಪ್ಪಣೆ. ಬಿಚ್ಚಿದರೆ ಕಾಲು ಊದಿ ಮತ್ತೆ ಒಳಗೆ ಹೋಗದು. ಸಾಲಿನಲ್ಲಿ ಯಾವಾಗಲೂ ನಾನೇ ಮುಂದೆ. ಶೂರನೆಂದಲ್ಲ, ನಮ್ಮ ಕಡೆಯ ಬೇರಿಕೆಯ ಸಂತೆಯಲ್ಲಿ ಕಲಿತ ನನ್ನ ತಮಿಳು, ಅಲ್ಲಿನ ತಮಿಳರೊಡನೆ ಮಾತಾಡಲು ನಮ್ಮ ಅಧಿಕಾರಿಗಳಿಗೆ ಬೇಕಿತ್ತು.

ಒಂದು ಬೆಳಿಗ್ಗೆ ಒಂಟಿ ಮನೆಯೊಂದನ್ನು ಶೋಧಿಸಬೇಕಾಯಿತು. ಬಾಗಿಲಿಗೆ ಅಡ್ಡವಾಗಿ ಒಬ್ಬ ಮುದುಕಿ ನಿಂತಿದ್ದಳು. ಹೊಸಿಲು ಕಂಡದ್ದೇ ತಡ, ಹುಟ್ಟಿದಾಗಿನ ಅಭ್ಯಾಸ, ನಾನು ಕೂತು ಬೂಟು ಬಿಚ್ಚತೊಡಗಿದೆ. ಹಿಂದೆ ಇದ್ದ ಕೋಲಾರದ ಕಡೆಯ ಗೆಳೆಯ ಬೈದ: "ಲೇ, ಇದೇನು ನಿಮ್ಮತ್ತೆ ಮನೆ ಏನ್ಲಾ? ಹಾಕ್ಕೊಳ್ಳಲಾ ಬೂಟು."

ಮುದುಕಿ ನನ್ನ ಕಾಲು ನೋಡಿದಳು. ಬೊಬ್ಬೆ ಒಡೆದು ರಕ್ತಕ್ಕೆ ಕಾಲುಚೀಲ ಅಂಟಿಕೊಂಡಿತ್ತು. "ಇರು ತಂಬಿ, ತಣ್ಣಿ ತರೇನ್" ಎಂದು ಆಕೆ ನೀರು ತರಲು ಬಾವಿಯ ಕಡೆ ಹೋದಳು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲೂ ಇದೆ. ಕೊಟ್ಟ ಮೇಲೆ ಬಂದವನು ನೆಂಟನೇ.

ಬಾಗಿಲು ತೆರವಾಗಿತ್ತು. ಉಳಿದವರು ಬೂಟುಗಾಲಲ್ಲೇ ನುಗ್ಗಿದರು. ಆಕೆ ಚೊಂಬು ಹಿಡಿದು ಬರುವಷ್ಟರಲ್ಲಿ ಒಳಗೆ ಮಲಗಿದ್ದ ಮಗನನ್ನು ಎಳೆದು ತಂದು ಕೈ ಕಟ್ಟಿದ್ದರು. ವಿಚಾರಿಸಿ ಬಿಟ್ಟು ಕಳಿಸುತ್ತಾರೆ ಎಂದು ಆಕೆಗೆ ತಮಿಳಿನಲ್ಲಿ ಹೇಳಲು ಅಪ್ಪಣೆಯಾಯಿತು. ಹೇಳಿದೆ. ಆಕೆ ಚೊಂಬನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು. ಆ ಚೊಂಬನ್ನು ನನ್ನ ಮುಖಕ್ಕೆ ಎಸೆದಿದ್ದರೆ ಎಷ್ಟೋ ವಾಸಿಯಿತ್ತು.

ಕಾಲು ಬೂಟಿನೊಳಗೆ ಹೋಗಲಿಲ್ಲ. ಎರಡು ಬೂಟನ್ನೂ ದಾರದಿಂದ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಅವತ್ತು ಸಾಲಿನ ಮುಂದೆ ನಾನಿರಲಿಲ್ಲ. ಸಿಡಿಮದ್ದಿದ್ದರೆ ಅವನಿಗೇ ಸಿಡಿಯಲಿ ಎಂದು ಆ ಮಗನನ್ನು ಮುಂದೆ ಬಿಟ್ಟಿದ್ದರು. ಅವನೂ ಬರಿಗಾಲು, ನಾನೂ ಬರಿಗಾಲು. ಒದ್ದೆ ಬದುವಿನ ಮೇಲೆ ಅವನ ಬೆರಳುಗಳ ಗುರುತು ನೋಡಿ ನೋಡಿ, ಅದರ ಮೇಲೇ ನನ್ನ ಕಾಲಿಟ್ಟು ಶಿಬಿರದವರೆಗೆ ನಡೆದೆ. ಅಲ್ಲಿ ಅವನನ್ನು ಲಾರಿಗೆ ಹತ್ತಿಸಿದರು. ಆಮೇಲೆ ಬಿಟ್ಟರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಮ್ಮ ಮನೆಗೆ ಬಂದವರಿಗೆ ನನ್ನ ಹೆಂಡತಿ ಇವತ್ತಿಗೂ ಕಾಲಿಗೆ ನೀರು ಕೊಡುತ್ತಾಳೆ. ನಾನು ಮಾತ್ರ ನೆಂಟರ ಮನೆಗೆ ಹೋದರೆ ಚೊಂಬು ಬರುವ ಮೊದಲೇ ಹಿತ್ತಿಲಿಗೆ ಹೋಗಿ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬರುತ್ತೇನೆ.