ಬರೆಯದೆ ಬಿಟ್ಟ ಹದಿನೈದು ದಿನ

ನನ್ನ ಅಣ್ಣ ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದವನು. ಗಿರಾಕಿಯ ಸೊಂಟ ದಪ್ಪವಾಗಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಹೋದ ವರ್ಷದಷ್ಟೇ ಇದ್ದೀರಿ ಸಾರ್” ಎಂದು, ಸದ್ದಿಲ್ಲದೆ ಎರಡು ಬೆರಳು ಸಡಿಲ ಹೊಲಿಯುತ್ತಿದ್ದ. ಯಾರ ಮನಸ್ಸನ್ನೂ ನೋಯಿಸದ ಈ ಸುಳ್ಳುಬುರುಕನನ್ನು ಬೀದಿಯವರೆಲ್ಲ ಮಾಸ್ತರ್ ಎಂದು ತಲೆಮೇಲೆ ಹೊತ್ತು ಮೆರೆಸುತ್ತಿದ್ದರು. ಮನೆಯಲ್ಲಿ ಅವನಿಗೆ ಬೈಯಲು ಇದ್ದವಳು ತಂಗಿಯಾದ ನಾನೊಬ್ಬಳೇ.

ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿ, ಇದ್ದಬದ್ದ ಔಷಧಗಳೆಲ್ಲ ಕೈಕೊಟ್ಟ ಮೇಲೆ ಆಸ್ಪತ್ರೆಯವರು ಅವನನ್ನು ಹೊಸ ಪ್ರಯೋಗವೊಂದಕ್ಕೆ ಸೇರಿಸಿಕೊಂಡರು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಛೂಬಿಡುವ ಎರಡು ಔಷಧಗಳನ್ನು ಒಟ್ಟಿಗೆ ಕೊಡುವುದು. ಎಷ್ಟು ಕೊಟ್ಟರೆ ಮನುಷ್ಯ ತಡೆದುಕೊಳ್ಳುತ್ತಾನೆ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಮೊದಲು ಮೂವರಿಗೆ ಕೊಟ್ಟು ನಾಲ್ಕು ವಾರ ನೋಡುತ್ತಾರೆ. ತೊಂದರೆಯಿಲ್ಲದಿದ್ದರೆ ಮುಂದಿನ ಮೂವರಿಗೆ ಇನ್ನಷ್ಟು ಹೆಚ್ಚು. ಅಣ್ಣ ಮೊದಲ ಮೂವರಲ್ಲೊಬ್ಬ. ಮೈಗೆ ಏನೇನಾಯಿತೆಂದು ದಿನವೂ ಬರೆಯಲು ಪುಸ್ತಕ ಕೊಟ್ಟರು. ಅಳತೆ ಬಿಟ್ಟು ಬೇರೇನೂ ಬರೆದು ಅವನಿಗೆ ರೂಢಿಯಿರಲಿಲ್ಲ, ಬರೆಯುವುದು ನನ್ನ ಪಾಲಿಗೆ ಬಂತು.

ಎರಡು ವಾರದಲ್ಲಿ ಕೆಮ್ಮು ಇಳಿಯಿತು. ಅಣ್ಣ ತಾನೇ ಹೋಗಿ ಅಂಗಡಿಯ ಬಾಗಿಲು ತೆಗೆದ. ಆಗಲೇ ಭೇದಿಯೂ ಶುರುವಾಯಿತು, ದಿನಕ್ಕೆ ಐದಾರು ಸಲ.

“ಇದನ್ನ ಬರೀಲೇಬೇಕು ಅಣ್ಣ” ಎಂದೆ.

“ಬೇಡ್ವೇ, ಕೈ ಮುಗೀತೀನಿ. ಬರೆದ್ರೆ ಔಷಧ ನಿಲ್ಲಿಸಿಬಿಡ್ತಾರೆ. ಈ ಸಲ ಉಳ್ಕೋತೀನಿ ಅನ್ಸುತ್ತೆ ಕಣೇ.”

ಬೈದೆ, ಅತ್ತುಬಿಟ್ಟೆ. ಆಮೇಲೆ ನನ್ನ ಕೈಯಾರೆ ‘ತೊಂದರೆ ಏನೂ ಇಲ್ಲ’ ಎಂದು ಬರೆದೆ. ಹದಿನೈದು ದಿನ ಹಾಗೆಯೇ ಬರೆದೆ. ತಪಾಸಣೆಯಲ್ಲಿ ನರ್ಸ್ ಕೇಳಿದರೆ ಅವನು “ಆರಾಮಾಗಿದೀನಮ್ಮ” ಎಂದು ನಗುತ್ತಿದ್ದ. ಅವನು ಉಳಿಯಲೆಂಬ ಆಸೆ ನನಗೂ ಇತ್ತಲ್ಲ!

ಹದಿನಾರನೆಯ ದಿನ ಬಟ್ಟೆ ಕತ್ತರಿಸುತ್ತಿದ್ದವನು ಮೇಜಿನ ಪಕ್ಕ ಕುಸಿದ. ಕರುಳು ತೂತಾಗಿತ್ತು. ಆಸ್ಪತ್ರೆಗೆ ಸೇರಿಸಿದ ರಾತ್ರಿಯೇ ಆಪರೇಷನ್ ಮಾಡಿದರು. ಮಾರನೆಯ ಬೆಳಿಗ್ಗೆ ವಾರ್ಡಿನ ಹೊರಗೆ, ಪ್ರಯೋಗ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

“ಭೇದಿ ಅಂದ್ರೆ ಔಷಧ ಕರುಳನ್ನೇ ತಿನ್ನೋಕೆ ಶುರು ಮಾಡಿದೆ ಅಂತ. ಮೊದಲೇ ಹೇಳಿದ್ರೆ ಮಾತ್ರೆಯಲ್ಲೇ ಹಿಡೀಬಹುದಿತ್ತು” ಎಂದರು ಅವರು. “ವಾಸಿಯಾದ ಮೇಲೆ ಔಷಧಾನೂ ಮತ್ತೆ ಶುರು ಮಾಡಬಹುದಿತ್ತೇನೋ. ಈಗ ಇವರಿಗೆ ಇನ್ಯಾವತ್ತೂ ಕೊಡಕ್ಕಾಗಲ್ಲಮ್ಮ.”

“ನಮ್ಮ ತಪ್ಪು, ನಾವೇ ಅನುಭವಿಸ್ತೀವಿ ಡಾಕ್ಟ್ರೇ.”

ಅವರು ನನ್ನ ಪಕ್ಕ ಕೂತರು. “ನಿಮ್ಮಷ್ಟಕ್ಕೇ ಮುಗೀಲಿಲ್ಲ. ಮೂವರಿಗೂ ಒಗ್ಗಿದೆ ಅಂದ್ಕೊಂಡು, ಮೊನ್ನೆ ಮುಂದಿನವರಿಗೆ ಜಾಸ್ತಿ ಕೊಟ್ಟಾಯ್ತು.”

“ಏನಾದ್ರೂ ಮಾಡಿ ಅದನ್ನ ಅವರ ಮೈಯಿಂದ ಹೊರಗೆ ತೆಗೆಯಕ್ಕಾಗಲ್ವಾ?”

“ಆಗಲ್ಲ. ನೋಡ್ತಾ ಕಾಯೋದೊಂದೇ.”

ಯಾರಿಗೆ ಕೊಟ್ಟರೆಂದು ಕೇಳಿದೆ. ಹೇಳುವಂತಿಲ್ಲ ಎಂದರು.

ಅಷ್ಟರಲ್ಲಿ ನರ್ಸ್ ಬಂದು, ಅಣ್ಣನಿಗೆ ಎಚ್ಚರವಾಗಿದೆ ಎಂದು ಕರೆದಳು. ಒಳಗೆ ಹೋದೆ. ಮೂಗಿನಲ್ಲಿ ನಳಿಗೆ, ತುಟಿ ಒಣಗಿ ಬಿರಿದಿತ್ತು.

“ಮುಂದಿನ ಡೋಸ್ ಯಾವತ್ತಂತೆ?” ಎಂದ.

“ಹೊಟ್ಟೆ ಹೊಲಿಗೆ ಒಣಗಿದ ತಕ್ಷಣ ಕೊಡ್ತಾರಂತೆ” ಎಂದೆ.