ಬೋಣಿಯ ಮರುವಾಯಿ

ಗಿರಿಜಕ್ಕ, ನೀವು ಹೊಳೆಯಿಂದ ಹೆಕ್ಕಿ ತಂದುಕೊಡುತ್ತಿದ್ದ ಮರುವಾಯಿಯನ್ನು, ಆ ಚಿಪ್ಪುಮೀನನ್ನು, ನಾವು ತಿನ್ನುತ್ತಿರಲಿಲ್ಲ. ಆ ವರ್ಷವಿಡೀ ಒಂದು ದಿನವೂ ತಿನ್ನಲಿಲ್ಲ. ನೀವು ಬುಟ್ಟಿ ಹೊತ್ತು ಗೇಟು ದಾಟಿದ ಮೇಲೆ ನಾನು ಹಿತ್ತಿಲಿಗೆ ಹೋಗಿ, ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹೂತುಬಿಡುತ್ತಿದ್ದೆ—ಚಿಪ್ಪು ಕೂಡ ಬಿಡಿಸದೆ.

ಯಾಕೆಂದರೆ ನಮಗೆ ಗೊತ್ತಿತ್ತು. ಹೂಡೆಯ ಹೊಳೆದಂಡೆಯಲ್ಲಿ ನಮ್ಮವರ ಮೀನು ಪ್ಯಾಕಿಂಗ್ ಫ್ಯಾಕ್ಟರಿ. ಮೀನು ತೊಳೆದ ನೀರು, ನೆಲ ತಿಕ್ಕಿದ ಮದ್ದಿನ ನೀರು, ಎಲ್ಲ ಒಂದೇ ಪೈಪಿನಲ್ಲಿ ಹೊಳೆಗೆ. ಶುದ್ಧೀಕರಣ ಘಟಕ ಹಾಕಲೇಬೇಕೆಂದು ಇಂಜಿನಿಯರು ನಮ್ಮ ಊಟದ ಮೇಜಿನಲ್ಲೇ ಕುಳಿತು ಹೇಳಿದರು. "ಮುಂದಿನ ಸೀಸನ್‌ಗೆ ನೋಡುವ, ಮೊದಲು ಕೋಲ್ಡ್ ಸ್ಟೋರೇಜ್ ಆಗಲಿ" ಎಂದರು ನಮ್ಮವರು. ಆಮೇಲೆ ಕೈ ತೊಳೆಯುತ್ತ, ನನಗೊಬ್ಬಳಿಗೇ ಕೇಳುವಂತೆ—"ಆ ಹೊಳೆಯ ಮರುವಾಯಿ ಇನ್ನು ಮನೆಯಲ್ಲಿ ಬೇಡ, ಆಯ್ತಾ?"

ಆಯ್ತು ಎಂದೆ. ನಿಮಗೆ ಮಾತ್ರ ಬೇಡ ಎನ್ನಲಾಗಲಿಲ್ಲ. ದಿನದ ಮೊದಲ ಬೋಣಿ ನನ್ನ ಕೈಯಿಂದಾದರೆ ಬುಟ್ಟಿ ಬೇಗ ಖಾಲಿಯಾಗುತ್ತದೆಂದು ನೀವು ನಂಬಿದ್ದಿರಿ. ಬೋಣಿಗೆ ಬಂದವರನ್ನು ಹಾಗೆಯೇ ಕಳುಹಿಸುವುದು ಹೇಗೆ? ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನಾಲಿಗೆ ನನ್ನದು—ಯಾರ ಮುಖವನ್ನೂ ಸಣ್ಣದು ಮಾಡಬಾರದು. ಅದನ್ನೇ ಒಳ್ಳೆಯತನ ಎಂದುಕೊಂಡಿದ್ದೆ. "ನಿನ್ನೆಯದ್ದು ಹೇಗಿತ್ತು ಬಾಯಮ್ಮ?" ಎಂದು ನೀವು ಕೇಳಿದರೆ, "ಸುಕ್ಕ ಮಾಡಿದೆ, ಲಾಯ್ಕಾಗಿತ್ತು" ಎನ್ನುತ್ತಿದ್ದೆ. ಎಷ್ಟು ಸಲೀಸಾಗಿ!

ನೀರಿಗೆ ವಾಸನೆ ಬಂದಿದೆ ಎಂದು ಬೇರೆ ಹೆಂಗಸರು ಹೊಳೆಗಿಳಿಯುವುದನ್ನು ಬಿಟ್ಟರು. ನೀವು ಬಿಡಲಿಲ್ಲ. "ಧನಿಗಳ ಮನೆಯಲ್ಲೇ ತಿನ್ನುತ್ತಾರೆ ಮಾರಾಯ್ತಿ, ಮೊದಲು ನಿನ್ನ ಮೂಗಿಗೆ ಮದ್ದು ಮಾಡಿಸು" ಎಂದು ಒಬ್ಬಳಿಗೆ ಹೇಳಿದ್ದನ್ನು ನೀವೇ ನನಗೆ ಹೇಳಿ ನಕ್ಕಿರಿ. ನಾನೂ ನಕ್ಕೆ.

ಆಮೇಲೆ ಆ ಬೆಳಿಗ್ಗೆ. ನಿಮ್ಮ ಮಗಳು ಸುಮತಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಿಮ್ಮ ಸೆರಗಿನ ತುದಿ ತೊಟ್ಟಿಕ್ಕುತ್ತಿತ್ತು, ಕುಂಕುಮ ಬೆವರಿಗೆ ಒಂದು ಬದಿಗೆ ಜಾರಿತ್ತು—ಇಂಥದ್ದೆಲ್ಲ ನನಗೆ ಕಾಣುತ್ತದೆ, ಕಾಣಬೇಕಾದ್ದೊಂದು ಬಿಟ್ಟು.

"ಮಗಳಿಗೆ ಮರುವಾಯಿ ತಿನ್ನುವ ಬಯಕೆ. ಕೊಡಬಹುದಲ್ವಾ ಬಾಯಮ್ಮ?"

ನಮ್ಮವರು ಜಗಲಿಯಲ್ಲೇ ಇದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ.

"ಕೊಡಿ ಗಿರಿಜಕ್ಕ. ಎಂತ ಆಗುವುದಿಲ್ಲ."

ನಾನು ಹೇಳಿದ್ದು ಅಷ್ಟೇ.

ವಾಂತಿ, ಭೇದಿ, ಜ್ವರ. ಉಡುಪಿಯ ಆಸ್ಪತ್ರೆ, ಅಲ್ಲಿಂದ ಮಣಿಪಾಲ. ಸುಮತಿ ಉಳಿದಳು. ಮಗು—ಹೊಟ್ಟೆಯಲ್ಲೇ ಏಳು ತಿಂಗಳು ತುಂಬಿದ್ದ ಮಗು—ಉಳಿಯಲಿಲ್ಲ. ಹೊಟ್ಟೆಗೆ ಏನೋ ವಿಷ ಸೇರಿದೆ ಎಂದರು ಡಾಕ್ಟರು. ನೋಡಲು ಬಂದ ನನ್ನ ಕೈ ಹಿಡಿದು ನೀವೇ ಹೇಳಿದಿರಿ: "ಮರುವಾಯಿ ಅಲ್ಲ ಬಾಯಮ್ಮ. ಅದಾದರೆ ನಿಮಗೂ ಆಗಬೇಕಿತ್ತಲ್ವಾ? ಇವಳೇ ಪೇಟೆಯಲ್ಲಿ ಚುರುಮುರಿ ತಿಂದು ಬಂದದ್ದು." ಸುಮತಿ ಗೋಡೆಯ ಕಡೆ ಹೊರಳಿದಳು. ನನ್ನ ಬಾಯಿ—ಆಗಲೂ—

ಈಗ ಘಟಕ ಬಂದಿದೆ. ನೀರು ತಿಳಿಯಾಗಿ ಹೊರಬರುತ್ತದೆ, ತೆಂಗಿಗೂ ಬಿಡುತ್ತಾರೆ. ಗೇಟಿನಲ್ಲಿ 'ಸುಸ್ಥಿರ ಅಭಿವೃದ್ಧಿಯೇ ನಮ್ಮ ಬದ್ಧತೆ' ಎಂಬ ಹಸಿರು ಬೋರ್ಡು. ವಿದೇಶದ ಖರೀದಿದಾರರು ಕೇಳಿದರೆಂದು ಒಂದೇ ಸೀಸನ್ನಿನಲ್ಲಿ ಮುಗಿಸಿದರು. ಅಷ್ಟೇ ಕೆಲಸವಾಗಿತ್ತು, ಗಿರಿಜಕ್ಕ. ನೀವು ಹೊಳೆಗಿಳಿಯುತ್ತೀರಿ ಎಂಬ ಕಾರಣ ಮಾತ್ರ ನಮಗೆ ಸಾಕಾಗಲಿಲ್ಲ.

ಮರುವಾಯಿಯಿಂದಲೇ ಆಯಿತೆಂದು ಯಾವ ಡಾಕ್ಟರೂ ಹೇಳಿಲ್ಲ ಎನ್ನುತ್ತಾರೆ ನಮ್ಮವರು. ನಿಜ. ಆ ಮಾತಿನ ಹಿಂದೆ ನಾನು ಅಡಗಲಾರೆ. ನಮ್ಮ ಮನೆಯವರ ಬಾಯಿಗೆ ಬೇಡವಾದದ್ದನ್ನು ನಿಮ್ಮ ಬಸುರಿ ಮಗಳಿಗೆ ಕೊಡಿ ಎಂದವಳು ನಾನು.

ಸುಮತಿಗೆ ಮತ್ತೆ ಮಕ್ಕಳಾಗಲಿಲ್ಲ. ತವರಿಗೆ ಬಂದ ಅವಳನ್ನು ಮೊನ್ನೆಯೂ ಬಾವಿಕಟ್ಟೆಯಲ್ಲಿ ನೀವು ಬೈಯುವುದು ಕೇಳಿಸಿತು—"ಬಾಯಿಚಪಲಕ್ಕೆ ಹೊಟ್ಟೆಯದ್ದನ್ನು ಕಳಕೊಂಡವಳು." ಅವಳು ಕೊಡಪಾನ ತುಂಬಿಸುತ್ತಿದ್ದಳು. ತನ್ನದೇ ತಪ್ಪೆಂದು ನಂಬಿದ್ದಾಳೆ.

ನಿಮ್ಮೆದುರು ನಿಂತಾಗ ಈ ನಾಲಿಗೆ ಮತ್ತೆ ಮೆತ್ತಗಾಗಬಾರದೆಂದು ಬರೆದಿಟ್ಟೆ. ಇವತ್ತೇ ಬಂದು ನಿಮ್ಮಿಬ್ಬರಿಗೂ ಓದಿ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ನನ್ನನ್ನು ಎಂತ ಬೇಕಾದರೂ ಹೇಳಿ ಗಿರಿಜಕ್ಕ, ಊರಿಗೆಲ್ಲ ಕೇಳುವಂತೆ ಹೇಳಿ. ಅವಳನ್ನು ಮಾತ್ರ ಇನ್ನು ಬೈಯಬೇಡಿ.