ಕಾನ್ಸಲ್ ಸಾಹೇಬರು ಕೇಳಿದ ಹೆಸರು

ಈ ಬರಹದಲ್ಲಿ ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಒಂದು ಹೆಸರು ನಮ್ಮ ಮನೆಗೆ ಮಾಡಿದ್ದು ಸಾಕು. ಓದುವವರಿಗೆ ಇದು ಸರಿಬರದಿದ್ದರೆ ಬಿಡಲಿ, ನಾನು ಹುಟ್ಟಾ ಸಿಟ್ಟಿನ ಮನುಷ್ಯ.

ನಮ್ಮದು ಇಳಕಲ್ಲಿನ ಸೀರೆ ವ್ಯಾಪಾರದ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸಂತೆಯಿಂದ ಸಂತೆಗೆ ಗಂಟು ಹೊರುವುದನ್ನು ಬಿಟ್ಟು ಹಡಗು ಹತ್ತಿದ. ಆಫ್ರಿಕಾದ ಪೂರ್ವ ತೀರದ ಒಂದು ಬಂದರಿನಲ್ಲಿ ಅಂಗಡಿ ಇಟ್ಟು, ಅಲ್ಲಿ ನೆಲೆಸಿದ್ದ ನಮ್ಮ ದೇಶದ ಹೆಂಗಸರಿಗೆ ಸೀರೆ, ಕುಪ್ಪಸದ ಖಣ ಮಾರುತ್ತಿದ್ದ. ವ್ಯಾಪಾರ ಕುದುರಿತು. ಆದರೆ ಮದುವೆಯಾದಾಗಿನಿಂದ ಅವನು ಹೆಂಡತಿಯ, ಅಂದರೆ ನನ್ನ ವೈನಿಯ, ಜೊತೆ ಕಳೆದ ದಿನಗಳು ಬಹಳ ಕಡಿಮೆ. ವೈನಿ ಬಾದಾಮಿ ಕಡೆಯ ಹೆಣ್ಣುಮಗಳು, ಬಂದ ಹೊಸದರಲ್ಲಿ ಮನೆ ತುಂಬ ನಗುತ್ತಿದ್ದವರು. ಅಣ್ಣ ಒಂದೊಂದು ಸಲ ಹೋದಾಗಲೂ ಆ ನಗೆ ಒಂದಿಷ್ಟು ಕಡಿಮೆಯಾಗುತ್ತಿತ್ತು.

ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದ ಅಣ್ಣ ಊಟಕ್ಕೆ ಕುಳಿತಾಗ ಹೇಳಿಬಿಟ್ಟ: "ಈ ಸಲ ಆಕಿನ್ನ ಬಿಟ್ಟು ಹೋಗಂಗಿಲ್ಲ ನಾ. ಒಬ್ಬನ ರೊಟ್ಟಿ ಸುಟಗೊಂಡು ತಿಂದು ಸಾಕಾಗೇತಿ."

"ಕರಕೊಂಡ ಹೋಗೋ ಮಾರಾಯಾ," ಅಂದಳು ಅವ್ವ. "ನನ್ನ ನೋಡ್ಕೊಳ್ಳಾಕ ಈ ಸಿಡುಕ ಅದಾನಲ್ಲ."

ಬಾಗಿಲ ಹಿಂದೆ ನಿಂತಿದ್ದ ವೈನಿ ಸೆರಗು ಬಾಯಿಗೆ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಅತ್ತರೋ ನಕ್ಕರೋ ತಿಳಿಯಲಿಲ್ಲ.

ಮೊದಲಿನ ಹಾಗೆ ಟಿಕೆಟ್ ತೆಗೆಸಿ ಹಡಗು ಹತ್ತುವ ಕಾಲ ಆಗ ಮುಗಿದಿತ್ತು. ಗಂಡ ಹೆಂಡತಿ ಎಂಬುದಕ್ಕೆ ನಮ್ಮ ತಾಲೂಕಿನ ಹುನಗುಂದದ ಮಾಮಲೇದಾರರ ದಾಖಲೆ ಬೇಕು, ಸರಕಾರದ ಪಾಸ್‌ಪೋರ್ಟ್ ಬೇಕು, ಅದರ ಮೇಲೆ, ಆ ಬಂದರನ್ನು ಆಳುವ ದೇಶದವರು ಮುಂಬಯಿಯಲ್ಲಿ ಇಟ್ಟಿರುವ ಕಾನ್ಸಲ್ ಸಾಹೇಬರ ಮುದ್ರೆ ಬೇಕು. ಅದಕ್ಕೆ ವೀಸಾ ಅನ್ನುತ್ತಾರೆ ಎಂದು ಅಣ್ಣ ಹೇಳಿದ. ನಾವು ಪರವಾನಗಿ ಅಂದೆವು. ಅಣ್ಣನಿಗೆ ವ್ಯಾಪಾರಸ್ಥನೆಂದು ಅದು ಸಿಗುವುದು ಖಾತ್ರಿಯಿತ್ತು. ಅವನ ಹೆಂಡತಿಯೆಂದು ವೈನಿಗೂ ಅದು ಸಿಗಬಹುದಿತ್ತು. ಆದರೆ ಯಾರೋ ಕೆಲವರು ಪರರ ಹೆಂಗಸರನ್ನು ಹೆಂಡತಿಯೆಂದು ಹೇಳಿ ಸಾಗಿಸಿದ್ದರಂತೆ. ಹಾಗಾಗಿ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂಡಿಸಿ ಕೇಳುತ್ತಾರೆ, ಮೊದಲು ಕೇಳುವುದೇ ಗಂಡನ ಹೆಸರು ಎಂದು ಅಣ್ಣ ತಿಳಿದುಕೊಂಡು ಬಂದಿದ್ದ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ಮದುವೆಯಲ್ಲಿ, ಆರತಿಯಲ್ಲಿ ಹೆಂಗಸರು ಅಡ್ಡಗಟ್ಟಿ ಕಾಡಿದಾಗ ಮಾತ್ರ ಒಂದು ಪ್ರಾಸದ ಪದ ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಬಹುದು. ಅದಕ್ಕೆ ಒಡಪು ಅನ್ನುತ್ತಾರೆ. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ. ಅವ್ವ ಇದೇ ದಾರಿ ಹಿಡಿದಳು. "ಒಡಪು ಹಾಕಿ ಹೇಳಿಬಿಡವಾ. ಸಾಹೇಬಗ ಹೆಸರ ಬೇಕು, ನಿನಗ ಗಂಡ ಬೇಕು. ಇಬ್ಬರದೂ ಆಕ್ಕೈತಿ."

ವೈನಿ ರೊಟ್ಟಿ ಬಡಿಯುತ್ತಲೇ ಒಡಪು ಕಟ್ಟಿದರು. "ಇಳಕಲ್ ಸೀರಿಗಿ ಕೆಂಪು ಸೆರಗ," ಅಂತ ಮೊದಲ ಸಾಲು. ಎರಡನೆಯದರಲ್ಲಿ ಅಣ್ಣನ ಹೆಸರು, "ಅವರ ಮನಿಗಿ ನಾನ ಮೆರಗ." ನಾನು ಬೇಕೆಂದೇ "ಹೆಸರ ಕೇಳಸ್ಲಿಲ್ಲ ವೈನಿ, ಇನ್ನೊಮ್ಮಿ" ಎಂದು ಕಾಡುತ್ತಿದ್ದೆ. "ಹೋಗೋ ತಮ್ಮಾ, ನಿನ್ನ ಹೇಂತಿ ಬರಲಿ, ಆಕಿನ್ನ ಕಾಡು," ಎಂದು ಹಿಟ್ಟಿನ ಕೈ ಎತ್ತುತ್ತಿದ್ದರು. ಮನೆಯಲ್ಲಿ ಮತ್ತೆ ನಗೆ ಕೇಳಿಸಿತು.

ಚಕ್ಕಡಿಯಲ್ಲಿ ಹೊರಟು, ಕೂಡಲಸಂಗಮದಲ್ಲಿ ಹೊಳೆಯ ನೀರು ಮುಟ್ಟಿ ಕೈಮುಗಿದು, ಬಾಗಲಕೋಟೆಯಲ್ಲಿ ಅಣ್ಣ, ವೈನಿ, ನಾನು ಮೂವರೂ ಮುಂಬಯಿಗೆ ರೈಲು ಹತ್ತಿದೆವು. ದಾರಿಯುದ್ದಕ್ಕೂ ವೈನಿಯ ತುಟಿ ಅಲುಗುತ್ತಿತ್ತು.

ಕಾನ್ಸಲ್ ಕಚೇರಿಯಲ್ಲಿ ಅಣ್ಣನನ್ನು ಮೊದಲು ಕೇಳಿ ಹಿಂದಿನ ಕೋಣೆಗೆ ಕಳಿಸಿದರು. ಆಮೇಲೆ ವೈನಿ ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತೆ, ಕಚೇರಿಯ ಜವಾನ, ಪಟ್ಟೇವಾಲ, ನನ್ನ ಮುಂದೆ ಕೈ ಅಡ್ಡ ಇಟ್ಟುಕೊಂಡು ನಿಂತ. ಸಾಹೇಬರ ಮಾತನ್ನು ತಿಳಿಸಿ ಹೇಳಲು ಒಬ್ಬ ದುಭಾಷಿ ಇದ್ದ. ಕಾರವಾರದ ಕಡೆ ಕಲಿತ ಕನ್ನಡ ಅವನದು.

"ಗಂಡನ ಹೆಸರು ಹೇಳು."

ವೈನಿ ಸೆರಗು ಸರಿಪಡಿಸಿಕೊಂಡು, ತಲೆ ಬಗ್ಗಿಸಿ, "ಇಳಕಲ್ ಸೀರಿಗಿ ಕೆಂಪು ಸೆರಗ..." ಎಂದು ಆರಂಭಿಸಿದರು.

"ಹಾಡು ಬೇಡಮ್ಮ," ಅಂದ ದುಭಾಷಿ. "ಬರೀ ಹೆಸರು. ಒಂದೇ ಮಾತು."

ಪಕ್ಕದ ಮೇಜಿನವರು ಯಾರೋ ಕಿಸಕ್ಕೆಂದರು. ವೈನಿ ಮತ್ತೆ ಮೊದಲಿನಿಂದ ತೆಗೆದರು, ಅವನು ಮತ್ತೆ ತಡೆದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ. "ಅದರಾಗ ಹೆಸರ ಬರತೈತ್ರಿ, ಪೂರ್ತಿ ಕೇಳ್ರಿ!" ಎಂದು ನಾನು ಬಾಗಿಲಿನಿಂದ ಕೂಗಿದೆ. ಸಾಹೇಬರು ಬೆರಳು ತೋರಿಸಿದರು, ಪಟ್ಟೇವಾಲ ನನ್ನನ್ನು ಹೊರಗೆ ದಬ್ಬಿದ. ಗೋಡೆಯ ಆಚೆ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಸಿತು. ವೈನಿಯ ದನಿ ಮಾತ್ರ ಕೇಳಿಸಲಿಲ್ಲ.

ಅಣ್ಣನ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ವೈನಿಯದಕ್ಕೆ ಬೀಳಲಿಲ್ಲ. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ ಎಲ್ಲಾದರೂ ಇರುತ್ತಾಳೆಯೇ ಎಂದು ಸಾಹೇಬರು ಅಂದರಂತೆ. ಮಾಮಲೇದಾರರ ದಾಖಲೆ ತೋರಿಸಿದರೆ, ಕಾಗದ ಯಾರು ಬೇಕಾದರೂ ಮಾಡಿಸುತ್ತಾರೆ ಅಂದರಂತೆ. ನನ್ನ ಮೈ ಉರಿದುಹೋಯಿತು. ಈಗಲೂ ಉರಿಯುತ್ತದೆ.

ಬೀದಿಯಲ್ಲಿ ವೈನಿ ಬಿಕ್ಕುತ್ತ ಹೇಳಿದರು: "ಬಾಯಿ ತೆರದ್ನಿರಿ. ಹೇಳಬೇಕಂದ್ನಿ. ಆದ್ರ ನಿಮಗ ಏನರ ಆದ್ರ?"

ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ನನಗೇ ಬಂದಿತ್ತು, ಅವನ ಪಾಲಿಗೆ ಉಳಿದಿರಲಿಲ್ಲ. "ಇರ್ಲಿ ಬಿಡು," ಅಂದ. "ನೂರು ವರ್ಷ ಬದಕೂ ಹಂಗ ಮಾಡಿದಿ. ಮುಂದಿನ ಸಲ ಬಂದು ಕರಕೊಂಡ ಹೋಗ್ತೇನಿ."

ಮಾಲು ಆಗಲೇ ಹಡಗು ಏರಿತ್ತು. ಅಣ್ಣ ಒಬ್ಬನೇ ಹೋದ. ವೈನಿ ಬಂದರಿನ ಧಕ್ಕೆಯ ಮೇಲೆ ನಿಂತು, ಎಲ್ಲರೂ ತಮ್ಮ ತಮ್ಮವರ ಹೆಸರು ಹಿಡಿದು ಕೂಗುತ್ತಿರುವಾಗ, ಬರೀ ಕೈ ಬೀಸಿದರು. ಆ ಗದ್ದಲದಲ್ಲಿ ಅಣ್ಣ ನಮ್ಮ ಕಡೆ ತಿರುಗಲೇ ಇಲ್ಲ.

ಮುಂದಿನ ಮಳೆಗಾಲದಲ್ಲಿ ತಂತಿ ಬಂತು. ಜ್ವರ ಬಂದು ಅಣ್ಣ ಹೋಗಿಬಿಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಯಿಗೆ ನೀರು ಬಿಡಲು ಮನೆಯವರು ಒಬ್ಬರೂ ಇಲ್ಲದೆ ಹೋದ. ಮಣ್ಣು ಮಾಡಿದವರು ಯಾರೆಂದು ಇಂದಿಗೂ ನಮಗೆ ತಿಳಿಯದು. ವೈನಿ ಅಲ್ಲಿದ್ದಿದ್ದರೆ ಬದುಕುತ್ತಿದ್ದನೇ? ಗೊತ್ತಿಲ್ಲ. ಒಬ್ಬನೇ ಅಂತೂ ಸಾಯುತ್ತಿರಲಿಲ್ಲ.

ಅಂಗಡಿಯ ಮಾಲು ವಾರಸುದಾರರಿಗೆ ಸೇರಬೇಕಾದರೆ ಹೆಂಡತಿಯೇ ಬಂದು ಹೇಳಿಕೆ ಕೊಡಬೇಕೆಂದು ಹುನಗುಂದದ ಕಚೇರಿಯಿಂದ ಕರೆ ಬಂತು. ಬಳೆಯಿಲ್ಲದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ವೈನಿ ಕಾರಕೂನರ ಮುಂದೆ ಕುಳಿತರು.

"ಗಂಡನ ಹೆಸರೇನ್ ಯವ್ವಾ?"

ರೂಢಿಯಂತೆ ನಾನೇ ಹೇಳಲು ಹೋದೆ. ವೈನಿ ಕೈ ಎತ್ತಿ ನನ್ನನ್ನು ತಡೆದರು. ಅಣ್ಣನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಮೂರನ್ನೂ ಬಿಡಿಸಿ ಹೇಳಿದರು. ಕಾರಕೂನರು ತಲೆ ಎತ್ತದೆ ಬರೆದುಕೊಂಡರು.

ಹೊರಗೆ ಬಂದು ಕಚೇರಿಯ ಕಟ್ಟೆಯ ಮೇಲೆ ವೈನಿ ಕುಳಿತರು. ಚಕ್ಕಡಿ ತರುತ್ತೇನೆ ಎಂದೆ.

"ಎಷ್ಟ ಚೆಂದ ಹೆಸರ ಐತಲ್ಲ ತಮ್ಮಾ," ಅಂದರು. "ಒಮ್ಮಿನೂ ಕರೀಲಿಲ್ಲ ನಾ."